ಮಹಾಭಾರತ ವ್ಯಾಖ್ಯಾನ: ಶಾಸ್ತ್ರವೂ ಕಾವ್ಯವೂ

ಮಹಾಭಾರತವನ್ನು ಧರ್ಮ ಮೋಕ್ಷಗಳನ್ನು ತಿಳಿಸುವ ಶಾಸ್ತ್ರವೆಂದೂ ರಸಕ್ಕಾಗಿ ಓದುವ ಕಾವ್ಯವೆಂದೂ ಅರ್ಥೈಸಿದ ಪರಂಪರೆ ಸಾವಿರ ವರ್ಷಗಳಿಗಿಂತ ಹಳೆಯದು. ಮೀಮಾಂಸಕರು, ಆಲಂಕಾರಿಕರು, ವೇದಾಂತಾಚಾರ್ಯರು, ದೇಶಭಾಷೆಯ ಕವಿಗಳು, ಈಚಿನ ಪಾಠಸಂಶೋಧಕರು ಎಲ್ಲರೂ ಇದರಲ್ಲಿ ಪಾಲುಗೊಂಡಿದ್ದಾರೆ. ಅವರ ಓದುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮತ್ತೆಮತ್ತೆ ಎದುರಾಗುವ ಪ್ರಶ್ನೆ ಒಂದಿದೆ: ಈ ಕಥೆ ಮುಗಿಯುವುದು ಎಲ್ಲಿ? ದುರ್ಯೋಧನನ ತೊಡೆ ಮುರಿದ ಕೊಳದ ದಡದಲ್ಲೋ, ಧರ್ಮರಾಯನ ಪಟ್ಟಾಭಿಷೇಕದಲ್ಲೋ, ಯಾದವರು ತಮ್ಮತಮ್ಮಲ್ಲೇ ಹೊಡೆದಾಡಿ ಸತ್ತ ಪ್ರಭಾಸ ತೀರ್ಥದಲ್ಲೋ, ಹಿಮಾಲಯದ ದಾರಿಯಲ್ಲೋ? ಉತ್ತರ ಬದಲಾದ ಹಾಗೆಲ್ಲ ಗ್ರಂಥದ ಅರ್ಥವೂ ಬದಲಾಗಿದೆ.

ಗ್ರಂಥ ತನ್ನನ್ನು ಒಂದೇ ಹೆಸರಿನಿಂದ ಕರೆದುಕೊಳ್ಳುವುದಿಲ್ಲ. ಅದು ಇತಿಹಾಸ, ವ್ಯಾಸರು ಶಿಷ್ಯರಿಗೆ ನಾಲ್ಕು ವೇದಗಳ ಜೊತೆಗೆ ಐದನೆಯದಾಗಿ ಕಲಿಸಿದ್ದು. ಛಾಂದೋಗ್ಯ ಉಪನಿಷತ್ತು ಆಗಲೇ ಇತಿಹಾಸ ಪುರಾಣವನ್ನು ವೇದಗಳ ಸಾಲಿನಲ್ಲಿ ಐದನೆಯದೆಂದು ಎಣಿಸಿತ್ತು. ಪ್ರಚಲಿತ ಪಾಠದ ಆರಂಭದಲ್ಲಿ ಮಾತ್ರ ಬ್ರಹ್ಮನು ವ್ಯಾಸರ ಮುಂದೆ ಬಂದು, ನೀನು ಇದನ್ನು ಕಾವ್ಯವೆಂದೆ, ಆದ್ದರಿಂದ ಇದು ಕಾವ್ಯವೇ ಆಗಲಿ ಎಂಬ ಅರ್ಥದ ವರ ಕೊಡುತ್ತಾನೆ. ಗಣಪತಿ ಬರೆಹಗಾರನಾಗಿ ಬರುವುದೂ ಅಲ್ಲಿಯೇ. ಹಸ್ತಪ್ರತಿಗಳನ್ನು ಹೋಲಿಸಿ ಸಿದ್ಧಪಡಿಸಿದ ಪುಣೆಯ ಪರಿಷ್ಕೃತ ಆವೃತ್ತಿಯ ಸಂಪಾದಕರು ಈ ಪ್ರಸಂಗವನ್ನು ಮೂಲಪಾಠದಿಂದ ತೆಗೆದು ಅನುಬಂಧಕ್ಕೆ ಹಾಕಿದರು. ಕಾವ್ಯವೆಂಬ ಬಿರುದು ಗ್ರಂಥಕ್ಕೆ ತಡವಾಗಿ ಸಂದಿತು. ಅದನ್ನು ಕೊಟ್ಟವರು ಓದುಗರೇ ಎಂಬುದು ಇದರಿಂದ ಮೂಡುವ ಊಹೆ.

ಏಳನೆಯ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟ ತನ್ನ ತಂತ್ರವಾರ್ತಿಕದಲ್ಲಿ ಗ್ರಂಥವನ್ನು ಪದರ ಪದರವಾಗಿ ಬಿಡಿಸಿದ. ಧರ್ಮ ಮೋಕ್ಷಗಳ ಮಾತು ವೇದದಿಂದ ಬಂದದ್ದು, ಅರ್ಥ ಸುಖಗಳ ಮಾತು ಲೋಕವ್ಯವಹಾರದಿಂದ ಬಂದದ್ದು, ಉಪಾಖ್ಯಾನಗಳು ಅರ್ಥವಾದ, ಎಂದರೆ ವಿಧಿಯನ್ನು ಹೊಗಳುವುದಕ್ಕೋ ನಿಷಿದ್ಧವನ್ನು ತೆಗಳುವುದಕ್ಕೋ ಇರುವಂಥವು. ಈ ವಿಂಗಡಣೆಯಲ್ಲಿ ಕಥೆಗೆ ಸ್ವಂತ ನಿಲುವಿಲ್ಲ, ಅದು ವಿಧಿಯ ಊಳಿಗದಲ್ಲಿದೆ. ಆದರೂ ಕಥೆ ಅವನನ್ನು ಬಿಡಲಿಲ್ಲ. ದ್ರೌಪದಿಗೆ ಐವರು ಗಂಡಂದಿರು ಹೇಗೆ ಎಂಬ ಆಕ್ಷೇಪ ಬಂದಾಗ ಅವಳು ಶ್ರೀ, ಶ್ರೀಯನ್ನು ಹಲವರು ಅನುಭವಿಸಿದರೆ ದೋಷವಿಲ್ಲ ಎಂದ; ಒಂದೇ ರೂಪದ ಹಲವು ದ್ರೌಪದಿಯರಿದ್ದಿರಬಹುದು ಎಂಬ ಸಮಾಧಾನವನ್ನೂ ಮುಂದಿಟ್ಟ.

ಈ ವ್ಯಾಖ್ಯಾನ ಪರಂಪರೆಯ ಅತಿ ದೊಡ್ಡ ತಿರುವು ಕಾಶ್ಮೀರದಲ್ಲಿ, ಒಂಬತ್ತನೆಯ ಶತಮಾನದಲ್ಲಿ. ದೊರೆ ಅವಂತಿವರ್ಮನ ಕಾಲದ ಆನಂದವರ್ಧನ ತನ್ನ ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಮಹಾಭಾರತವನ್ನು ಶಾಸ್ತ್ರದ ರೂಪವೂ ಕಾವ್ಯದ ಛಾಯೆಯೂ ಉಳ್ಳ ಒಂದೇ ಕೃತಿಯೆಂದು ತೆಗೆದುಕೊಂಡ. ಶಾಸ್ತ್ರವಾಗಿ ನೋಡಿದರೆ ಅದರ ಪರಮ ಪುರುಷಾರ್ಥ ಮೋಕ್ಷ. ಕಾವ್ಯವಾಗಿ ನೋಡಿದರೆ ಅದರ ಅಂಗಿರಸ, ಎಂದರೆ ಪ್ರಧಾನ ರಸ, ಶಾಂತ. ಅವನು ಆಧಾರವಾಗಿ ಹಿಡಿದದ್ದು ಯುದ್ಧವನ್ನಲ್ಲ, ಯುದ್ಧದ ನಂತರದ ಪರ್ವಗಳನ್ನು. ಗೆದ್ದವರಿಗೂ ಕೊನೆಗೆ ಉಳಿದದ್ದು ನೋವೇ: ಯಾದವರಾದ ವೃಷ್ಣಿಗಳು ನಾಶವಾದರು, ಪಾಂಡವರು ಒಬ್ಬೊಬ್ಬರಾಗಿ ದಾರಿಯಲ್ಲಿ ಬಿದ್ದರು. ಇಂಥ ವಿರಸವಾದ ಮುಕ್ತಾಯದಿಂದ ಮುನಿ ಓದುಗನಲ್ಲಿ ವೈರಾಗ್ಯವನ್ನು ಹುಟ್ಟಿಸುತ್ತಾನೆ ಎಂಬುದು ಅವನ ವಾದ. ಹಾಗಿದ್ದರೆ ಗ್ರಂಥದ ವಿಷಯಸೂಚಿಯಾದ ಅನುಕ್ರಮಣಿಯಲ್ಲಿ ಮೋಕ್ಷವೇ ಇದರ ಸಾರ ಎಂದು ನೇರವಾಗಿ ಏಕೆ ಹೇಳಿಲ್ಲ? ಆನಂದವರ್ಧನನೇ ಈ ಪ್ರಶ್ನೆಯನ್ನು ಎತ್ತುತ್ತಾನೆ. ಅಲ್ಲಿ ಸನಾತನನಾದ ವಾಸುದೇವನ ಕೀರ್ತನೆಯ ಮಾತಿದೆ, ಉಳಿದದ್ದು ಅದರಿಂದ ಧ್ವನಿಸುತ್ತದೆ ಎನ್ನುತ್ತಾನೆ. ಸಾರಭೂತವಾದ ಅರ್ಥ ಬಾಯಿಬಿಟ್ಟು ಹೇಳದೆ ಹೊಳೆದರೇ ಹೆಚ್ಚು ಚೆಲುವು. ಗ್ರಂಥವನ್ನು ಅದರ ಅನುಬಂಧವಾದ ಹರಿವಂಶದಿಂದ ಮುಗಿಸಿದ್ದರಲ್ಲಿಯೂ ಈ ಅಭಿಪ್ರಾಯವೇ ತೆರೆದು ಕಾಣುತ್ತದೆ ಎಂದು ಸೇರಿಸುತ್ತಾನೆ.

ಇಲ್ಲಿ ನಡೆದ ಕೆಲಸ ಅಸಾಧಾರಣವಾದದ್ದು. ತತ್ತ್ವ ಒಳಗಿನ ತಿರುಳು, ಕಾವ್ಯ ಮೇಲಿನ ಸಿಪ್ಪೆ ಎಂಬ ಸುಲಭದ ಹೋಲಿಕೆಯನ್ನು ಆನಂದವರ್ಧನ ಒಪ್ಪಲಿಲ್ಲ. ತತ್ತ್ವ ಮನಸ್ಸಿಗೆ ಇಳಿಯುವ ಕ್ರಮವೇ ಧ್ವನಿ. ಆದ್ದರಿಂದ ಕಾವ್ಯವಾಗಿ ಓದದವನಿಗೆ ಶಾಸ್ತ್ರವೂ ಪೂರ್ತಿ ದಕ್ಕದು. ಭಾರತೀಯ ವ್ಯಾಖ್ಯಾನ ಪರಂಪರೆಯಲ್ಲಿ ಇದಕ್ಕಿಂತ ಆಳವಾದ ಒಳನೋಟ ಸಿಗುವುದು ಕಷ್ಟ. ಮುಂದೆ ಮಮ್ಮಟನ ಕಾವ್ಯಪ್ರಕಾಶದಲ್ಲಿ ವೇದ ಪ್ರಭುವಿನಂತೆ ಆಜ್ಞಾಪಿಸುತ್ತದೆ, ಇತಿಹಾಸ ಪುರಾಣಗಳು ಗೆಳೆಯನಂತೆ ಹೇಳುತ್ತವೆ, ಕಾವ್ಯ ಕಾಂತೆಯಂತೆ ಒಲಿಸುತ್ತದೆ ಎಂಬ ಹಂಚಿಕೆ ಪ್ರಸಿದ್ಧವಾಯಿತು. ಅಚ್ಚುಕಟ್ಟಾದ ಆ ಹಂಚಿಕೆಯಲ್ಲಿ ಮಹಾಭಾರತ ಮತ್ತೆ ಕಾವ್ಯದ ಮನೆಯಿಂದ ಹೊರಗೆ ಬಿತ್ತು. ಕುಂತಕ ಮಾತ್ರ ವಕ್ರೋಕ್ತಿಜೀವಿತದಲ್ಲಿ ಬೇರೊಂದು ದಾರಿ ತೆರೆದ. ರಾಮಾಯಣ ಮಹಾಭಾರತಗಳ ಪ್ರಧಾನ ರಸ ಶಾಂತವೆಂದು ಒಪ್ಪಿಕೊಂಡೇ, ಅಲ್ಲಿಂದ ಕಥೆ ಎತ್ತಿಕೊಂಡ ಕವಿ ಆ ರಸವನ್ನು ಬದಲಿಸಬಹುದು, ನಾಯಕನ ಏಳಿಗೆ ತುದಿ ಮುಟ್ಟಿದಲ್ಲಿ ಉಳಿದ ಕಥೆಯನ್ನು ಬಿಟ್ಟು ಮುಗಿಸಬಹುದು ಎಂದ. ಹೀಗೆ ನಡುವೆಯೇ ಮುಗಿಸುವುದಕ್ಕೆ ಅವನು ಕೊಟ್ಟ ನಿದರ್ಶನ ಕಿರಾತಾರ್ಜುನೀಯ.

ಹದಿಮೂರನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು 32 ಅಧ್ಯಾಯಗಳ ಮಹಾಭಾರತ ತಾತ್ಪರ್ಯ ನಿರ್ಣಯವನ್ನು ರಚಿಸಿದರು. ಅದರ ಎರಡನೆಯ ಅಧ್ಯಾಯ ಪಾಠಸಂಶೋಧಕರು ಇಂದಿಗೂ ಓದಬೇಕಾದದ್ದು. ಜನರು ಗ್ರಂಥದಲ್ಲಿ ಕೆಲವನ್ನು ಸೇರಿಸಿದ್ದಾರೆ, ಕೆಲವನ್ನು ಬಿಟ್ಟಿದ್ದಾರೆ, ಕೆಲವನ್ನು ಹಿಂದುಮುಂದು ಮಾಡಿದ್ದಾರೆ, ದೇಶದೇಶದ ಪ್ರತಿಗಳು ಬೇರೆಬೇರೆಯಾಗಿವೆ ಎಂದು ಆಚಾರ್ಯರು ಅಲ್ಲಿ ಬಿಚ್ಚಿ ಹೇಳುತ್ತಾರೆ. ಭಾರತಕ್ಕೆ ಮೂರು ಬಗೆಯ ಅರ್ಥವನ್ನೂ ಗುರುತಿಸುತ್ತಾರೆ: ಕೃಷ್ಣ ಪಾಂಡವರ ವೃತ್ತಾಂತವಾಗಿ ಆಸ್ತೀಕಾದಿ, ಧರ್ಮ ಭಕ್ತಿ ಮೊದಲಾದ ಗುಣಗಳ ಬೋಧೆಯಾಗಿ ಮನ್ವಾದಿ, ಪ್ರತಿಯೊಂದು ಪದವೂ ವಿಷ್ಣುವನ್ನೇ ಹೇಳುತ್ತದೆಂಬ ನೆಲೆಯಲ್ಲಿ ಔಪರಿಚರ. ಅವರ ಓದಿನಲ್ಲಿ ಭೀಮ ವಾಯುವಿನ ಅವತಾರ, ದ್ರೌಪದಿ ಭಾರತಿ, ದುರ್ಯೋಧನ ಕಲಿ. ಕೊನೆಯ ಅಧ್ಯಾಯದಲ್ಲಿ ಪಾಂಡವರು ಸ್ವರ್ಗ ಸೇರಿದ ಮೇಲೂ ಕಥೆ ನಿಲ್ಲದೆ ವಾಯುವಿನ ಮೂರನೆಯ ಅವತಾರವಾದ ಮಧ್ವರವರೆಗೆ ಬರುತ್ತದೆ. ಆನಂದವರ್ಧನ ಬರಿದಾಗುವುದನ್ನು ಕಂಡ ಜಾಗದಲ್ಲಿ ಮಧ್ವರು ಮುಂದುವರಿಕೆಯನ್ನು ಕಂಡರು. ಇದೇ ಪರಂಪರೆಯ ಸೋದೆಯ ವಾದಿರಾಜರು 16ನೆಯ ಶತಮಾನದಲ್ಲಿ ಇಡೀ ಭಾರತಕ್ಕೆ ಲಕ್ಷಾಲಂಕಾರವೆಂಬ ಟೀಕೆ ಬರೆದರು. 17ನೆಯ ಶತಮಾನದಲ್ಲಿ ಕಾಶಿಯ ನೀಲಕಂಠ ಚತುರ್ಧರನ ಭಾರತಭಾವದೀಪ ಅದ್ವೈತದ ದೃಷ್ಟಿಯಲ್ಲಿ ಬಂತು. ಮುದ್ರಣ ಯುಗದಲ್ಲಿ ಹೆಚ್ಚು ಹರಡಿದ್ದು ಅವನ ಪಾಠವೇ.

ಕನ್ನಡ ಕವಿಗಳು ಟೀಕೆ ಬರೆಯಲಿಲ್ಲ, ಕಥೆಯನ್ನೇ ಮತ್ತೆ ಹೇಳಿ ತಮ್ಮ ವ್ಯಾಖ್ಯಾನವನ್ನು ತೋರಿದರು. ಪಂಪ 941ರ ಸುಮಾರಿಗೆ ವಿಕ್ರಮಾರ್ಜುನ ವಿಜಯವನ್ನು ಲೌಕಿಕವೆಂದೂ ಆದಿಪುರಾಣವನ್ನು ಜಿನಾಗಮವೆಂದೂ ತಾನೇ ಬೇರ್ಪಡಿಸಿದ. ಒಬ್ಬ ಕವಿ, ಎರಡು ಗ್ರಂಥ, ಎರಡು ಬಗೆಯ ಬೆಳಕು. ಜೈನನಾದ ಅವನಿಗೆ ಭಾರತದಲ್ಲಿ ಮೋಕ್ಷವನ್ನು ಹುಡುಕುವ ಹಂಗಿರಲಿಲ್ಲ. ತನ್ನ ಆಶ್ರಯದಾತ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಹೊಂದಿಸಿ, ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯಾಗಿಸಿದ. ಗದುಗಿನ ಕುಮಾರವ್ಯಾಸನ ದಾರಿ ಬೇರೆ. ಹದಿನೈದನೆಯ ಶತಮಾನದ ಈ ಕವಿ ವೀರನಾರಾಯಣನ ಅಂಕಿತದಲ್ಲಿ ತಾನು ಹೇಳುವುದು ಕೃಷ್ಣಕಥೆಯೆಂದು ಸಾರಿ, ಹತ್ತು ಪರ್ವಗಳಿಗೆ ನಿಲ್ಲಿಸಿದ. ಗದಾಪರ್ವ, ಪಟ್ಟಾಭಿಷೇಕ, ಅಲ್ಲಿಗೆ ಮುಗಿಯಿತು. ಆನಂದವರ್ಧನ ಶಾಂತರಸಕ್ಕೆ ಆಧಾರ ಮಾಡಿಕೊಂಡ ಮೌಸಲ, ಮಹಾಪ್ರಸ್ಥಾನಗಳು ಕುಮಾರವ್ಯಾಸನಲ್ಲಿ ಇಲ್ಲವೇ ಇಲ್ಲ. ಕೃಷ್ಣನಿಲ್ಲದ ಲೋಕವನ್ನು ಅವನ ಭಕ್ತಿ ಕಾಣಲೊಲ್ಲದು ಎಂದೇ ಇದನ್ನು ಓದಬೇಕು. ಮುಂದೆ ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಉಳಿದ ಪರ್ವಗಳನ್ನು ಬರೆದು ಪೂರೈಸಿದ. ಆದರೆ ಗಮಕಿಗಳ ದನಿಯಲ್ಲಿ ಊರೂರು ತಲುಪಿದ್ದು ಮೊದಲ ಹತ್ತು.

ಯುರೋಪಿನ ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದಲ್ಲಿ ಹಳೆಯ ವೀರಗಾಥೆಯೊಂದಕ್ಕೆ ಪುರೋಹಿತರು ಧರ್ಮೋಪದೇಶವನ್ನು ಹೇರಿದರೆಂದು ಎಣಿಸಿ, ಎರಡನ್ನೂ ಬೇರ್ಪಡಿಸಲು ಹೊರಟರು. ಯೋಸೆಫ್ ದಾಲ್ಮನ್ 1895ರಲ್ಲಿ ಇದನ್ನು ವಿರೋಧಿಸಿ ಮಹಾಭಾರತ ಮೊದಲಿನಿಂದಲೂ ವೀರಕಾವ್ಯವೂ ಧರ್ಮಗ್ರಂಥವೂ ಆಗಿತ್ತೆಂದು ವಾದಿಸಿದ. ಅಮೆರಿಕದ ವಿದ್ವಾಂಸ ಹಾಪ್ಕಿನ್ಸ್ 1901ರ ತನ್ನ ಪುಸ್ತಕದಲ್ಲಿ ಅದನ್ನು ಒಪ್ಪಲಿಲ್ಲ. ಪುಣೆಯ ಭಂಡಾರಕರ್ ಸಂಸ್ಥೆ 1919ರಲ್ಲಿ ಕೈಗೊಂಡ ಪರಿಷ್ಕೃತ ಆವೃತ್ತಿಗೆ 1259 ಹಸ್ತಪ್ರತಿಗಳನ್ನು ಬಳಸಲಾಯಿತು. ಅದರ ಪ್ರಧಾನ ಸಂಪಾದಕ ವಿ. ಎಸ್. ಸುಖಠಣಕರ್ 1942ರಲ್ಲಿ ಮುಂಬಯಿಯಲ್ಲಿ ಮಹಾಭಾರತದ ಅರ್ಥವನ್ನು ಕುರಿತು ಉಪನ್ಯಾಸ ಮಾಲೆ ಆರಂಭಿಸಿದರು. ಅಕ್ಷರ ಅಕ್ಷರ ಹೋಲಿಸಿ ಬಾಳು ಸವೆಸಿದ ಆ ವಿದ್ವಾಂಸ ಗ್ರಂಥವನ್ನು ಲೌಕಿಕ, ನೈತಿಕ, ಪಾರಮಾರ್ಥಿಕವೆಂಬ ಮೂರು ನೆಲೆಗಳಲ್ಲಿ ಓದಿದರು; ಮಧ್ವರ ಮೂರು ಅರ್ಥಗಳು ಇದರೊಡನೆ ನೆನಪಾಗದೆ ಇರವು. ಕೊನೆಯ ಉಪನ್ಯಾಸಕ್ಕೆ ಮುನ್ನ, 1943ರ ಜನವರಿಯಲ್ಲಿ, ಅವರು ತೀರಿಕೊಂಡರು. ಪುಸ್ತಕ ಹೊರಬಂದದ್ದು 1957ರಲ್ಲಿ.

ದೈವಾಂಶವನ್ನು ಬದಿಗಿಟ್ಟು ಮನುಷ್ಯರನ್ನೇ ಕಾಣುವ ಓದು ಇರಾವತಿ ಕರ್ವೆಯವರ ಮರಾಠಿ ಯುಗಾಂತದಲ್ಲಿಯೂ ಎಸ್. ಎಲ್. ಭೈರಪ್ಪನವರ ಪರ್ವದಲ್ಲಿಯೂ (1979) ಬೆಳೆಯಿತು. ಇತ್ತ ಪುಣೆಯ ಪರಿಷ್ಕೃತ ಆವೃತ್ತಿ 1966ರಲ್ಲಿ ಸ್ವರ್ಗಾರೋಹಣ ಪರ್ವದೊಂದಿಗೆ 19 ಸಂಪುಟಗಳಲ್ಲಿ ಪೂರ್ಣಗೊಂಡಿತು. ಆನಂದವರ್ಧನ ಗ್ರಂಥದ ಮುಕ್ತಾಯವೆಂದು ಎಣಿಸಿದ ಹರಿವಂಶ, ಪಿ. ಎಲ್. ವೈದ್ಯರ ಸಂಪಾದಕತ್ವದಲ್ಲಿ 1969 ಮತ್ತು 1971ರಲ್ಲಿ ಬೇರೆಯಾಗಿ ಎರಡು ಸಂಪುಟಗಳಲ್ಲಿ ಅಚ್ಚಾಯಿತು.