ಹಳೆಯ ರೈಲು ಸೇತುವೆ: ನೆಲೆ ಮತ್ತು ಕಾಲ ಗುರುತಿಸುವ ಬಗೆ

ಕಲ್ಲಿನ ಕಂಬ, ಉಕ್ಕಿನ ಗರ್ಡರ್ ಕಂಡೊಡನೆ ರೈಲು ಸೇತುವೆಯನ್ನು ‘ಬ್ರಿಟಿಷರ ಕಾಲದ್ದು’ ಎನ್ನುವ ರೂಢಿಯಿದೆ. ಸಕಲೇಶಪುರ-ಸುಬ್ರಹ್ಮಣ್ಯ ರಸ್ತೆ ನಡುವಣ ಘಟ್ಟದ ಸೇತುವೆಗಳ ಬಗೆಗೂ ಇಂತಹ ಮಾತು ಕೇಳಿಬರುತ್ತದೆ. ವಾಸ್ತವವಾಗಿ ಹಾಸನ-ಮಂಗಳೂರು ಮಾರ್ಗ ಸ್ವಾತಂತ್ರ್ಯಾನಂತರ ನಿರ್ಮಾಣಗೊಂಡು ಪೂರ್ಣವಾದದ್ದು 1979ರಲ್ಲಿ. ಸೇತುವೆಯ ಕಾಲವನ್ನು ಹೊರನೋಟದಿಂದಲ್ಲ, ಕುರುಹುಗಳಿಂದ ನಿರ್ಧರಿಸಬೇಕಾಗುತ್ತದೆ.

ನೆಲೆಯ ಗುರುತು

ಭಾರತೀಯ ರೈಲ್ವೆಯ ಸೇತುವೆಗಳಿಗೆ ಆಯಾ ಮಾರ್ಗವಿಭಾಗದಲ್ಲಿ ಕ್ರಮಸಂಖ್ಯೆ ಇರುತ್ತದೆ. ಈ ಸಂಖ್ಯೆಯನ್ನು ಸೇತುವೆಯ ತುದಿಯಲ್ಲಿ ಬರೆದಿರುತ್ತಾರೆ. ಎರಡು ಹಳೆಯ ಸೇತುವೆಗಳ ನಡುವೆ ಹೊಸದೊಂದು ಬಂದರೆ ಹಿಂದಿನ ಸಂಖ್ಯೆಗೆ ಅಕ್ಷರ ಸೇರಿಸುವುದು ವಾಡಿಕೆ. ಹೀಗಾಗಿ 12-ಎ ಎಂಬಂತಹ ಸಂಖ್ಯೆ ಕಂಡುಬಂದರೆ ಅದು ತರುವಾಯದ ಸೇರ್ಪಡೆಯಾಗಿರುವ ಸಂಭವ ಹೆಚ್ಚು. ಸಮೀಪದ ಕಿಲೋಮೀಟರ್ ಕಲ್ಲು ಮತ್ತು ವಿದ್ಯುದೀಕೃತ ಮಾರ್ಗದ ಕಂಬಗಳ ಸಂಖ್ಯೆಯೂ ನೆಲೆಯನ್ನು ಸೂಚಿಸುತ್ತವೆ.

ಗೇಜ್ ಹೇಳುವ ಕಾಲ

ಛಾಯಾಚಿತ್ರದಲ್ಲಿ ಮೊದಲು ಗಮನಿಸಬೇಕಾದದ್ದು ಹಳಿಗಳ ಅಂತರ. ಬ್ರಾಡ್ ಗೇಜ್ 1,676 ಮಿ.ಮೀ., ಮೀಟರ್ ಗೇಜ್ 1,000 ಮಿ.ಮೀ. ಏಕರೂಪ ಗೇಜ್ ಯೋಜನೆ 1992ರಲ್ಲಿ ಆರಂಭವಾದ ಬಳಿಕ ರಾಜ್ಯದ ಮೀಟರ್ ಗೇಜ್ ಮಾರ್ಗಗಳು ಒಂದೊಂದಾಗಿ ಪರಿವರ್ತನೆಗೊಂಡವು. ಸಕಲೇಶಪುರ ಘಟ್ಟದ ಮಾರ್ಗ ಈ ಕಾಮಗಾರಿಗಾಗಿ 1996ರಲ್ಲಿ ಮುಚ್ಚಿತು; 2006ರಲ್ಲಿ ಸರಕು ಸಾಗಣೆ, 2007ರಲ್ಲಿ ಪ್ರಯಾಣಿಕರ ಸಂಚಾರ ಪುನರಾರಂಭವಾಯಿತು. ಆದ್ದರಿಂದ ಅಲ್ಲಿ ಮೀಟರ್ ಗೇಜ್ ರೈಲು ಓಡುತ್ತಿರುವ ಚಿತ್ರ 1996 ಅಥವಾ ಅದಕ್ಕೂ ಹಿಂದಿನದು.

ಸಾಮಗ್ರಿಯ ಸಾಕ್ಷ್ಯ

ಗಾರೆಯ ಕಲ್ಲುಕಟ್ಟಡ, ಮೆದುಕಬ್ಬಿಣದ ಗರ್ಡರುಗಳು ಹತ್ತೊಂಬತ್ತನೆಯ ಶತಮಾನದ ಲಕ್ಷಣ. ಆ ಶತಮಾನದ ಕೊನೆಯ ದಶಕಗಳಲ್ಲಿ ಉಕ್ಕು ಕಬ್ಬಿಣದ ಸ್ಥಾನವನ್ನು ಪಡೆಯಿತು. ರಿವೆಟ್ ಜೋಡಣೆ ಹಳೆಯ ಪದ್ಧತಿ. ಬೆಸುಗೆಯ ಗರ್ಡರ್ ಈಚಿನದು. ಕೆಲವು ಗರ್ಡರುಗಳ ಮೇಲೆ ತಯಾರಕರ ಹೆಸರು, ಇಸವಿಯ ಫಲಕವಿರುತ್ತದೆ. ಆದರೆ ಅದು ಗರ್ಡರಿನ ವಯಸ್ಸೇ ಹೊರತು ಕಂಬದ್ದಲ್ಲ. ಭಾರವಾದ ಎಂಜಿನ್‌ಗಳು ಬಂದಂತೆ ಹಳೆಯ ಕಂಬಗಳ ಮೇಲೆಯೇ ಹೊಸ ಗರ್ಡರ್ ಕೂರಿಸಿರುವುದುಂಟು.

ತಮಿಳುನಾಡಿನ ಪಂಬನ್ ಸೇತುವೆ ಇದಕ್ಕೆ ಉತ್ತಮ ನಿದರ್ಶನ. 1914ರಲ್ಲಿ ಆರಂಭವಾದ ಈ ಸೇತುವೆಯ ಬಹುಪಾಲು ಗರ್ಡರುಗಳು 1964ರ ಚಂಡಮಾರುತದಲ್ಲಿ ಕೊಚ್ಚಿಹೋದವು. ಹಡಗಿಗೆ ದಾರಿಬಿಡಲು ತೆರೆಯುವ ಭಾಗ ಉಳಿಯಿತು. ದುರಸ್ತಿಯಾದ ಸೇತುವೆ 2007ರಲ್ಲಿ ಬ್ರಾಡ್ ಗೇಜ್‌ಗೆ ಬದಲಾಯಿತು. ಪಕ್ಕದಲ್ಲಿ ನಿರ್ಮಿಸಿದ ಹೊಸ ಸೇತುವೆ ಉದ್ಘಾಟನೆಗೊಂಡದ್ದು 2025ರ ಏಪ್ರಿಲ್‌ನಲ್ಲಿ.

ದಾಖಲೆಗಳ ನೆರವು

ಮಾರ್ಗ ಸಂಚಾರಕ್ಕೆ ತೆರೆದ ವರ್ಷ ತಿಳಿದರೆ ಮೂಲ ಸೇತುವೆಯ ಕಾಲ ಬಹುಮಟ್ಟಿಗೆ ದೊರೆಯುತ್ತದೆ. ಮದರಾಸಿನ ಕಡೆಯಿಂದ ಬೆಂಗಳೂರು ದಂಡುಪ್ರದೇಶಕ್ಕೆ ರೈಲು ಬಂದದ್ದು 1864ರಲ್ಲಿ. ಮುಂಬಯಿ-ಮದರಾಸು ಮಾರ್ಗಗಳು ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಭಾರತೀಯ ಸರ್ವೇಕ್ಷಣ ಇಲಾಖೆಯ ನಕ್ಷೆಗಳ ಬೇರೆ ಬೇರೆ ಆವೃತ್ತಿಗಳನ್ನು ಹೋಲಿಸಿದರೆ ಮಾರ್ಗ ಬದಲಾದ ಕಾಲವೂ ತಿಳಿಯುತ್ತದೆ. ನಂತರ ಕೈಬಿಟ್ಟ ಮಾರ್ಗದ ಒಂಟಿ ಕಂಬಗಳನ್ನು ಗುರುತಿಸಲು ಇದು ಸಹಕಾರಿ.

ಕುತೂಹಲವಷ್ಟೇ ಅಲ್ಲ

2001ರ ಜೂನ್ 22ರಂದು ಕೇರಳದ ಕಡಲುಂಡಿ ಸೇತುವೆಯಲ್ಲಿ ಮಂಗಳೂರು-ಚೆನ್ನೈ ಮೇಲ್ ಅಪಘಾತಕ್ಕೀಡಾಗಿ 50ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅದೇ ವರ್ಷ ಸ್ಥಾಪನೆಯಾದ 17,000 ಕೋಟಿ ರೂಪಾಯಿಗಳ ವಿಶೇಷ ರೈಲ್ವೆ ಸುರಕ್ಷತಾ ನಿಧಿಯ ಉದ್ದೇಶಗಳಲ್ಲಿ ಅವಧಿ ಮೀರಿದ ಸೇತುವೆಗಳ ನವೀಕರಣವೂ ಸೇರಿತ್ತು. ಕಂಬ, ಗರ್ಡರ್, ಹಳಿಗಳ ಕಾಲವನ್ನು ಪ್ರತ್ಯೇಕವಾಗಿ ನಮೂದಿಸಿದಾಗ ಮಾತ್ರ ಸೇತುವೆಯ ವಯಸ್ಸಿಗೆ ಅರ್ಥ ಬರುತ್ತದೆ.

ಅನುಮತಿಯಿಲ್ಲದೆ ಹಳಿ ಅಥವಾ ಸೇತುವೆಯ ಮೇಲೆ ನಡೆಯುವುದು 1989ರ ರೈಲ್ವೆ ಕಾಯ್ದೆಯ 147ನೆಯ ಕಲಮಿನನ್ವಯ ಅಪರಾಧ. ವೀಕ್ಷಣೆ, ಛಾಯಾಗ್ರಹಣಗಳು ರೈಲ್ವೆ ಜಾಗದ ಹೊರಗಿನಿಂದಲೇ ನಡೆಯತಕ್ಕದ್ದು.