ದಾಂಡೇಲಿ ಗಾಡಿ

ನಮ್ಮ ಖಾನಾಪುರ ಕಡೆಯ ಮಂದಿ ದಾಂಡೇಲಿಗೆ ರೈಲಿನಲ್ಲಿ ಹೋಗಬೇಕಾದರೆ ಲೋಂಡಾ ದಾಟಿ ಅಳ್ನಾವರದಲ್ಲಿ ಗಾಡಿ ಬದಲಿಸಬೇಕಿತ್ತು. ಅಲ್ಲಿಂದ ಮುಂದೆ ಅಡವಿಯೊಳಗಿನ ಹಾದಿ, ಸುಮಾರು 25 ಕಿ.ಮೀ. ಸಾಗವಾನಿ ಕಟ್ಟಿಗೆ ಸಾಗಿಸಿದ ಹಳಿ ಅದು. 1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಕಾರ್ಖಾನೆಯೂ ಬಂತು.

1990ರ ದಶಕದಲ್ಲಿ ಮೀಟರ್ ಗೇಜ್ ತೆಗೆದು ಬ್ರಾಡ್ ಗೇಜ್ ಮಾಡುವ ಹೊತ್ತಿಗೆ ಪ್ಯಾಸೆಂಜರ್ ಗಾಡಿ ಬಂದ್ ಆಯ್ತು. ನಮ್ಮ ಖಾನಾಪುರದ ಹಳಿಯೂ ಅದೇ ದಶಕದಲ್ಲಿ ಅಗಲವಾಯಿತು, ಆದರೆ ನಮಗೆ ಗಾಡಿ ಉಳಿದವು. ದಾಂಡೇಲಿಯವರು ಮಾತ್ರ ಕಾಲು ಶತಮಾನ ಕಾಯಬೇಕಾಯಿತು!

ಕೊನೆಗೆ 2019ರ ನವೆಂಬರಿನಲ್ಲಿ, ನಮ್ಮ ಬೆಳಗಾವಿಯ ಸಂಸದರಾದ ದಿ. ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಿದ್ದಾಗ, ದಾಂಡೇಲಿ ಪಕ್ಕದ ಅಂಬೇವಾಡಿಗೆ ಗಾಡಿ ಹೊರಟಿತು. ಐದು ತಿಂಗಳೂ ತುಂಬಲಿಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಬಂದು, ದೇಶದ ಪ್ಯಾಸೆಂಜರ್ ಗಾಡಿಗಳ ಜೊತೆ ಅದೂ ನಿಂತಿತು.