ಹತ್ತು ಮತ, ಹದಿನೈದು ಶೇಕಡಾ ತೆರಿಗೆ

1986ರ ಏಪ್ರಿಲ್‌ನಲ್ಲಿ ಅಮೆರಿಕದ ಸೆನೆಟ್ ಹಣಕಾಸು ಸಮಿತಿಯ ಮುಂದೆ ಒಂದು ಗೊತ್ತುವಳಿ ಬಂತು. ಕೆನಡಾದೊಡನೆ ಮುಕ್ತ ವ್ಯಾಪಾರದ ಮಾತುಕತೆ ನಡೆಸಿ, ಆಗುವ ಒಪ್ಪಂದವನ್ನು ತಿದ್ದುಪಡಿಯಿಲ್ಲದೆ ಸಂಸತ್ತಿನ ಮತಕ್ಕೆ ಹಾಕುವ ಅನುಕೂಲವನ್ನು ಅಧ್ಯಕ್ಷ ರೇಗನ್ ಅವರಿಗೆ ಕೊಡಬಾರದು ಎಂಬುದೇ ಅದು. ಪರವಾಗಿ 10 ಮತ, ವಿರುದ್ಧ 10. ಸಮಬಲವಾದ್ದರಿಂದ ಗೊತ್ತುವಳಿ ಬಿದ್ದುಹೋಯಿತು. ಒಂದು ಮತ ಅತ್ತ ವಾಲಿದ್ದರೆ ಮಾತುಕತೆ ಹೊಸಿಲಲ್ಲೇ ನಿಲ್ಲುತ್ತಿತ್ತು.

ಇದಕ್ಕೂ ಮರಕ್ಕೂ ಎಲ್ಲಿಯ ನಂಟು? ಸಮಿತಿಯ ಅಧ್ಯಕ್ಷ ಬಾಬ್ ಪ್ಯಾಕ್‌ವುಡ್ ಒರೆಗಾನ್ ರಾಜ್ಯದವರು. ಅದು ಮರ ಕೊಯ್ಯುವ ಮಿಲ್ಲುಗಳ ನಾಡು. ಕೆನಡಾದ ಅಗ್ಗದ ನಾಟಾ ತಮ್ಮ ಮಿಲ್ಲುಗಳಿಗೆ ಬೀಗ ಹಾಕಿಸುತ್ತಿದೆ ಎಂಬುದು ಅಮೆರಿಕದ ಮಿಲ್ ಮಾಲೀಕರ ದೂರು. ಕೆನಡಾದಲ್ಲಿ ಕಾಡು ಬಹುಪಾಲು ಪ್ರಾಂತ ಸರ್ಕಾರಗಳದು; ಕಡಿದ ಮರಕ್ಕೆ ಕಂಪನಿಗಳು ಸರ್ಕಾರ ಗೊತ್ತುಮಾಡಿದ ಶುಲ್ಕ ಕಟ್ಟುತ್ತವೆ. ಆ ಶುಲ್ಕ ತೀರಾ ಕಡಿಮೆ, ಆದ್ದರಿಂದ ಅದು ಸಬ್ಸಿಡಿಯೇ ಎಂದು ಇವರ ವಾದ.

ಸ್ವಾರಸ್ಯವೆಂದರೆ, 1983ರಲ್ಲಿ ಅಮೆರಿಕದ ವಾಣಿಜ್ಯ ಇಲಾಖೆಯೇ ಈ ವಾದವನ್ನು ತಳ್ಳಿಹಾಕಿತ್ತು. 1986ರ ಅಕ್ಟೋಬರ್‌ನಲ್ಲಿ ಅದೇ ಇಲಾಖೆ ಅದೇ ಶುಲ್ಕವನ್ನು ಸಬ್ಸಿಡಿ ಎಂದು ಕರೆದು, ಶೇ 15ರ ಸುಂಕಕ್ಕೆ ಪ್ರಾಥಮಿಕ ತೀರ್ಮಾನ ಕೊಟ್ಟಿತು. ನಡುವೆ ಬೇರೊಂದು ಮೊಕದ್ದಮೆಯಲ್ಲಿ ನ್ಯಾಯಾಲಯ ಕಾನೂನಿಗೆ ಹೊಸ ಅರ್ಥ ಹೇಳಿತ್ತು, ನಿಜ. ಆದರೆ ಸೆನೆಟರುಗಳನ್ನು ಒಲಿಸಿಕೊಳ್ಳಲು ಮರದ ತಕರಾರು ಬಗೆಹರಿಸುವ ಭರವಸೆಯನ್ನು ರೇಗನ್ ಏಪ್ರಿಲ್‌ನಲ್ಲೇ ಕೊಟ್ಟಿದ್ದರು ಎಂಬುದನ್ನು ಮರೆಯುವಂತಿಲ್ಲ.

ಒಟ್ಟಾವದಲ್ಲಿ ಪ್ರಧಾನಿ ಬ್ರಯಾನ್ ಮಲ್ರೋನಿ ಇಕ್ಕಟ್ಟಿಗೆ ಸಿಕ್ಕಿದರು. ಹೋರಾಡಿದರೆ ಅವರ ಬಹುದೊಡ್ಡ ಯೋಜನೆಯಾದ ಮುಕ್ತ ವ್ಯಾಪಾರಕ್ಕೇ ಸಂಚಕಾರ. ಸುಮ್ಮನಿದ್ದರೆ ಸುಂಕದ ಹಣವೆಲ್ಲ ವಾಷಿಂಗ್ಟನ್ನಿನ ಖಜಾನೆಗೆ. ಅಂತಿಮ ತೀರ್ಪು ಹೊರಬೀಳುವ ಮುನ್ನ, ಡಿಸೆಂಬರ್ 30ರಂದು ರಾಜಿಯಾಯಿತು. ಕೆನಡಾ ತನ್ನ ನಾಟಾದ ಮೇಲೆ ತಾನೇ ಶೇ 15 ರಫ್ತು ತೆರಿಗೆ ಹಾಕಿಕೊಂಡಿತು. ಅಮೆರಿಕದ ಮಿಲ್ಲಿನವರು ದೂರು ಹಿಂತೆಗೆದುಕೊಂಡರು. ಹಣವೇನೋ ಮನೆಯಲ್ಲೇ ಉಳಿಯಿತು. ಸಬ್ಸಿಡಿಯೇ ಇಲ್ಲವೆಂದು ವಾದಿಸುತ್ತಿದ್ದವರು ಮಾತ್ರ ತಪ್ಪೊಪ್ಪಿದವರಂತೆ ಕಾಣಬೇಕಾಯಿತು. ಪ್ರಾಂತಗಳು ಶುಲ್ಕ ಏರಿಸಿದರೆ ತೆರಿಗೆ ಇಳಿಸಬಹುದಿತ್ತು, ಆದರೆ ಅದಕ್ಕೆ ಅಮೆರಿಕ ತಲೆದೂಗಬೇಕು! ಕೆನಡಾದವರನ್ನು ಹೆಚ್ಚು ಕೆರಳಿಸಿದ್ದು ಇದೇ.

1988ರ ಜನವರಿಯಲ್ಲಿ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ಅದರ 2009ನೇ ವಿಧಿಯಲ್ಲಿ, ಮರದ ರಾಜಿಯಿಂದ ಬಂದ ಹಕ್ಕುಗಳಿಗೆ ಈ ಒಪ್ಪಂದದಿಂದ ಬಾಧೆಯಿಲ್ಲ ಎಂದು ಬರೆದಿತ್ತು. 1991ರಲ್ಲಿ ಕೆನಡಾ ರಾಜಿಯಿಂದ ಹೊರನಡೆಯಿತು, ಅಮೆರಿಕ ತಡಮಾಡದೆ ಹೊಸ ತನಿಖೆ ಹೂಡಿತು. ಮುಂದೆ 1996ರಲ್ಲೊಂದು, 2006ರಲ್ಲೊಂದು ಒಪ್ಪಂದವಾದವು. ಎರಡನೆಯದು 2015ರಲ್ಲಿ ಮುಗಿದು, 2017ರಲ್ಲಿ ಸುಂಕ ಮರಳಿ ಬಂತು.